ಹಿಂದಿನ ಸೀಟಿನವರ ಮಾತೂ ಕೇಳಿಸಲಿ

ಮೂರು ಸಾಲು ಸೀಟಿರುವ ಗಾಡಿಯಲ್ಲಿ ಮನೆಮಂದಿಯೆಲ್ಲ ಕೂತು ದೂರದ ಊರಿಗೆ ಹೊರಟವರಿಗೆ ಇದು ಗೊತ್ತೇ ಇರುತ್ತದೆ: ಹೆದ್ದಾರಿಗೆ ಬಂದು ವೇಗದ ಮುಳ್ಳು ಎಂಬತ್ತು ದಾಟಿತೆಂದರೆ ಗಾಡಿಯ ಸದ್ದಿಗೆ ಮಾತು ಸಾಲುಸಾಲಾಗಿ ಒಡೆದುಹೋಗುತ್ತದೆ. ಮುಂದೆ ದಾರಿ, ಟೋಲು, ಡೀಸೆಲ್ಲಿನ ಮಾತು. ನಡುವೆ ಮದುವೆ ಮನೆಯ ಮಾತು. ಕೊನೆಯ ಸಾಲಿನಲ್ಲಿ ಮಕ್ಕಳದೇ ರಾಜ್ಯಭಾರ. ಘಾಟಿಯ ತಿರುವಿನಲ್ಲಿ ಕೊನೆಯ ಸಾಲಿನ ಹುಡುಗ "ಮಾವಾ, ಹೊಟ್ಟೆ ತೊಳಸ್ತಿದೆ, ಸ್ವಲ್ಪ ನಿಲ್ಸಿ" ಎಂದರೆ ನಡುವೆ ಕೂತ ಅತ್ತೆ ಅದನ್ನು ಎತ್ತಿಕೊಂಡು ಮುಂದಕ್ಕೆ ದಾಟಿಸಬೇಕು. ದಾಟಿಸುವಷ್ಟರಲ್ಲಿ ಇನ್ನೆರಡು ತಿರುವು ಕಳೆದು, ಆಗಬೇಕಾದ್ದು ಆಗಿರುತ್ತದೆ. ಇಡೀ ಸಂಸಾರವನ್ನು ಒಟ್ಟಿಗೆ ಕರೆದೊಯ್ಯಲೆಂದೇ ಮಾಡಿದ ಗಾಡಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಿದ್ದರೆ ಗಾಡಿಯ ಅರ್ಧ ಉದ್ದೇಶವೇ ಹೋಯಿತಲ್ಲ?

ಹಾಗಾಗಿ ಈ ಸದ್ದನ್ನು ತಗ್ಗಿಸುವ ಕೆಲಸ ನನಗೆ ತುಂಬ ಪ್ರೀತಿಯದ್ದು. ಅದೂ ಮನೆಯಲ್ಲೇ, ಪೋರ್ಟಿಕೋದಲ್ಲಿ, ಸ್ವಂತ ಕೈಯಿಂದ. ಆದರೆ ಅಲ್ಲಿಗೆ ಹೋಗುವ ಮುಂಚೆ ನಾವು ಎಲ್ಲಿಂದ ಬಂದೆವು ಎನ್ನುವುದನ್ನೂ ನೆನೆಯಬೇಕು. ಮಟಡಾರ್ ವ್ಯಾನಿನ ಕಾಲ ನೆನಪಿದೆಯೇ? ಮದುವೆ ದಿಬ್ಬಣ ಮಟಡಾರಿನಲ್ಲಿ ಹೋದರೆ ಇಳಿಯುವಾಗ ಎಲ್ಲರ ಗಂಟಲೂ ಕಟ್ಟಿರುತ್ತಿತ್ತು. ಹಾಡಿದ್ದು ಅರ್ಧ ಕಾರಣ, ಕೂಗಿ ಮಾತಾಡಿದ್ದು ಇನ್ನರ್ಧ. 1984ರಲ್ಲಿ ಮಾರುತಿಯ ವ್ಯಾನ್ ಬಂತು, ಆಮೇಲೆ ಓಮ್ನಿ ಎಂದು ಹೆಸರಾಯಿತು. 796 ಸಿ.ಸಿ.ಯ ಅದರ ಪುಟ್ಟ ಎಂಜಿನ್ ಇದ್ದದ್ದು ಮುಂದಿನ ಸೀಟುಗಳ ಅಡಿಯಲ್ಲೇ. ಸದ್ದಿನ ಜತೆ ಶಾಖವೂ ಪುಕ್ಕಟೆ. ಆದರೂ ಎಷ್ಟು ಬಾಣಂತಿಯರು, ಎಷ್ಟು ಅಕ್ಕಿಮೂಟೆಗಳು, ಎಷ್ಟು ಶಾಲೆಯ ಮಕ್ಕಳು ಆ ಗಾಡಿಯಲ್ಲಿ ಓಡಾಡಲಿಲ್ಲ! 2019ರಲ್ಲಿ ಅದರ ತಯಾರಿಕೆ ನಿಂತಾಗ ಬೇಸರಪಟ್ಟವರು ನಮ್ಮ ಬೀದಿಯಲ್ಲೇ ಇದ್ದರು. ಈ ನಡುವೆ ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಶುರುವಾಗಿ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. 2012ರಲ್ಲಿ ಎರ್ಟಿಗಾ ಬಂತು. ಒಂದೊಂದು ಮೆಟ್ಟಿಲಿಗೂ ಗಾಡಿಗಳು ಮೃದುವಾಗುತ್ತ ಬಂದವು ನಿಜ. ಆದರೆ ಎಂಜಿನ್ನಿನ ಸದ್ದು ತಗ್ಗಿದ ಮೇಲೆ ಅದರ ಹಿಂದೆ ಅಡಗಿದ್ದ ರಸ್ತೆಯ ಸದ್ದು ಎದ್ದು ಕೇಳತೊಡಗಿತು.

ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ದಾಟಿದ ಮೇಲೆ ಕಾರಿನ ಸದ್ದಿನಲ್ಲಿ ಮುಖ್ಯ ಪಾಲು ಟೈರಿನದೇ. ಅದರ ಜೋರೆಲ್ಲ ಸೆಕೆಂಡಿಗೆ ಸುಮಾರು ಸಾವಿರ ಕಂಪನಗಳ ಆಸುಪಾಸು. ಮನುಷ್ಯರ ಮಾತು ಸ್ಪಷ್ಟವಾಗುವುದೂ ಅದೇ ಸೀಮೆಯಲ್ಲಿ ಎಂಬುದೇ ಇಲ್ಲಿನ ತಾಪತ್ರಯ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ದನಿಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಅಂಚು ಮಸುಕಾಗಿ ಬರೀ ಸ್ವರಗಳು ಉಳಿಯುತ್ತವೆ. ಅದರ ಮೇಲೆ ಟೈರಿನ ಹೊರಳು ಸದ್ದು ಬಿದ್ದರೆ ಮಾತೇ ಮುಚ್ಚಿಹೋಗುತ್ತದೆ. ಅಜ್ಜಿಯರು ಪ್ರಯಾಣದಲ್ಲಿ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುತ್ತಾರಲ್ಲ, ಎಲ್ಲರೂ ಅವರಿಗೆ ನಿದ್ದೆ ಎಂದುಕೊಳ್ಳುತ್ತಾರೆ. ನನಗೇನೋ, ಅವರಲ್ಲಿ ಎಷ್ಟೋ ಜನ ಮಾತು ಕೇಳಿಸದೆ ಸುಮ್ಮನಾದವರು ಎನಿಸುತ್ತದೆ. ಇದೊಂದು ಕಾರಣ ಸಾಲದೇ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲು?

ರಸ್ತೆಯ ಮಾತು ಬಂತು, ಸ್ವಲ್ಪ ಅಲ್ಲೇ ನಿಲ್ಲೋಣ. ಶಿರಾಡಿ ಘಾಟಿಯಲ್ಲಿ ಕಾಂಕ್ರೀಟ್ ಹಾಕಿದ ಮೇಲೆ ಗುಂಡಿಗಳ ಕಾಟ ತಪ್ಪಿತು. ಬೆಂಗಳೂರಿನಲ್ಲೂ ಈಗ ವೈಟ್ ಟಾಪಿಂಗ್ ರಸ್ತೆಗಳು. ಗಟ್ಟಿ ರಸ್ತೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಂಕ್ರೀಟಿನ ಮೇಲೆ ಟೈರು ಡಾಂಬರಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಮಳೆಯಲ್ಲಿ ಜಾರದಿರಲೆಂದು ಅದರ ಮೇಲೆ ಅಡ್ಡಗೀರು ಎಳೆದಿರುತ್ತಾರೆ. ಗೀರುಗಳು ಎರಡು ಸೆಂಟಿಮೀಟರಿಗೊಂದರಂತೆ ಸಮನಾಗಿವೆ ಎಂದಿಟ್ಟುಕೊಳ್ಳಿ. ಎಂಬತ್ತು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 1100 ಗೀರು. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ಕರಿ ಒಂದರ ಶ್ರುತಿ, ಎರಡು ಸ್ಥಾಯಿ ಮೇಲೆ. ವೇಗ ಕಡಿಮೆ ಮಾಡಿ ನೋಡಿ, ಶ್ರುತಿಯೂ ಇಳಿಯುತ್ತದೆ. ಟೈರು ಮಾಡುವವರಿಗೆ ಈ ಒಂದೇ ಸ್ವರದ ಕಾಟ ಚೆನ್ನಾಗಿ ಗೊತ್ತು. ಅದಕ್ಕೇ ಟೈರಿನ ಮೇಲಿನ ರಬ್ಬರ್ ಗಟ್ಟೆಗಳನ್ನು ಅವರು ಒಂದೇ ಅಳತೆಗೆ ಕೊಯ್ಯುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಮಧ್ಯಮ, ಹೀಗೆ ಬೇಕೆಂದೇ ಲೆಕ್ಕಹಾಕಿ ತಾಳ ತಪ್ಪಿಸುತ್ತಾರೆ. ಸದ್ದು ಒಂದು ಸ್ವರದಲ್ಲಿ ಕೂಡಿಕೊಳ್ಳದೆ ಹಲವಕ್ಕೆ ಹರಡಿ ಕಿವಿಗೆ ಮೆತ್ತಗಾಗುತ್ತದೆ. ನಿಮ್ಮ ಗಾಡಿಯ ಟೈರಿನ ಸುತ್ತ ಒಮ್ಮೆ ಬೆರಳಾಡಿಸಿ ನೋಡಿ. ಎಷ್ಟು ಜನರ ಯೋಚನೆ ಆ ಕಪ್ಪು ರಬ್ಬರಿನಲ್ಲಿ ಕೂತಿದೆ ಎಂದು ನನಗೆ ಪ್ರತಿಸಲವೂ ಬೆರಗಾಗುತ್ತದೆ.

ಟೈರಿನ ಮೇಲೆ ಬೆರಳಿಟ್ಟದ್ದರಿಂದ ಹೇಳಿಬಿಡುತ್ತೇನೆ: ಮೊದಲ ಮದ್ದು ಅಲ್ಲೇ. ಒಂದು ಬದಿ ಸವೆದು ಅಲೆಅಲೆಯಾದ ಟೈರು ಊಳಿಡುತ್ತದೆ. ಗಾಳಿ ಹೆಚ್ಚಾದರೂ ಸದ್ದು. ವೀಲ್ ಬೇರಿಂಗ್ ಹೋಗಿದ್ದರೆ ತಿರುವಿನಲ್ಲಿ ಗುರುಗುಟ್ಟುವ ದನಿ ಬದಲಾಗುತ್ತದೆ. ಇವುಗಳನ್ನು ಬಿಟ್ಟು ಒಳಗಡೆ ಸದ್ದಡಗಿಸುವ ಶೀಟು ಎಷ್ಟು ಅಂಟಿಸಿದರೂ ಪ್ರಯೋಜನವಿಲ್ಲ. ಎರಡನೆಯದು ಸಂದುಗಳು. ಸದ್ದಿಗೆ ಸಂದು ಸಿಕ್ಕರೆ ಸಾಕು. ಗೋಡೆ ಎಷ್ಟೇ ಗಟ್ಟಿ ಇರಲಿ, ಅದರ ನೂರರಲ್ಲೊಂದು ಪಾಲು ತೆರೆದಿದ್ದರೆ ಸದ್ದು ಇಪ್ಪತ್ತು ಡೆಸಿಬೆಲ್ಲಿಗಿಂತ ಹೆಚ್ಚು ತಗ್ಗುವುದಿಲ್ಲ, ಇದು ಸರಳ ಲೆಕ್ಕ. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಬೀಡಿಂಗ್ ಸರಿಯಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿಯೂ ಸದ್ದೂ ನುಗ್ಗುತ್ತಿವೆ. ಜಾರು ಬಾಗಿಲಿನ ಈಕೋ, ಓಮ್ನಿಗಳಲ್ಲಿ ಈ ಪರೀಕ್ಷೆಯನ್ನು ಬಾಗಿಲಿನ ಸುತ್ತಲೂ ಮಾಡಬೇಕು.

ಸಂದಿನ ಮಾತಿನಲ್ಲಿ ಕಿಟಕಿಯನ್ನು ಬಿಡಲಾದೀತೇ? ದೊಡ್ಡ ಗಾಡಿಯಲ್ಲಿ ಹಿಂದಿನ ಒಂದೇ ಒಂದು ಕಿಟಕಿ ಇಳಿಸಿ ವೇಗವಾಗಿ ಹೋದರೆ ಕಿವಿಯ ತಮಟೆಗೆ ಗುದ್ದಿದ ಅನುಭವ: ವುಬ್, ವುಬ್, ವುಬ್. ಕಿಟಕಿಯ ಅಂಚಿನಲ್ಲಿ ಸುಳಿಗಟ್ಟುವ ಗಾಳಿ ಒಳಗಿನ ಗಾಳಿಯನ್ನೆಲ್ಲ ಒಂದೇ ಲಯದಲ್ಲಿ ಒತ್ತಿ ಬಿಡುವ ಆಟ ಇದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಟೊಳ್ಳು ಬುರುಡೆಗಳನ್ನು ಕಿವಿಗೆ ಹಚ್ಚಿಕೊಂಡು ಇಂಥ ಅನುರಣನವನ್ನೇ ಅಭ್ಯಾಸ ಮಾಡಿದ. ಪರಿಹಾರ ಮಾತ್ರ ಬಲು ಸುಲಭ. ಎದುರು ಬದಿಯ ಇನ್ನೊಂದು ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿ, ಲಯ ಮುರಿಯುತ್ತದೆ. ಮಕ್ಕಳಿಗೆ ತೋರಿಸಿಕೊಡಿ, ವಿಜ್ಞಾನ ಹೀಗೂ ತಲೆಗೆ ಹತ್ತುತ್ತದೆ.

ಎಲ್ಲಿಗೋ ಹೊರಟು ಎಲ್ಲಿಗೋ ಬಂದೆವು. ಇನ್ನು ಮೂರನೆಯದು, ಗಾಡಿಯ ತಗಡು. ಸಾಮಾನ್ಯ ಕಾರಿಗಿಂತ ಮೂರು ಸಾಲಿನ ಗಾಡಿಗಳು ಹೆಚ್ಚು ಗದ್ದಲ ಮಾಡುವುದೇಕೆ? ಡಿಕ್ಕಿ ಬೇರೆ ಇಲ್ಲ, ಹಿಂದಿನ ಚಕ್ರದ ಕಮಾನು ಕೊನೆಯ ಸಾಲಿನವರ ಮೊಣಕೈ ಪಕ್ಕದಲ್ಲೇ ಇರುತ್ತದೆ. ಅಕ್ಕಪಕ್ಕ, ಮೇಲೆ, ಕೆಳಗೆ ಅಗಲವಾದ ಚಪ್ಪಟೆ ತಗಡು. ಒಳಗೆ ಅಡ್ಡಗೋಡೆಯಿಲ್ಲದ ಒಂದೇ ಉದ್ದನೆಯ ಕೋಣೆ. ಕೋಣೆ ಮೂರು ಮೀಟರ್ ಉದ್ದವಿದ್ದರೆ ಸೆಕೆಂಡಿಗೆ ಸುಮಾರು 57 ಕಂಪನದ ಮಂದ್ರ ದನಿ ಅದರೊಳಗೆ ಆರಾಮವಾಗಿ ನೆಲೆನಿಲ್ಲುತ್ತದೆ. ಒರಟು ರಸ್ತೆಯಲ್ಲಿ ಕಿವಿ ತುಂಬಿದಂತಾಗಿ ತಲೆ ಭಾರವಾಗುತ್ತದಲ್ಲ, ಆ ಗುಂಯ್ ಎನ್ನುವುದರಲ್ಲಿ ಇದರ ಪಾಲೂ ಇದೆ.

ಬಾಗಿಲ ಹೊರಮೈಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಟಣ್ ಎಂದು ಎಳೆದು ನಿಲ್ಲುವ ದನಿ ಬಂದರೆ ಆ ತಗಡು ರಸ್ತೆಯ ನಡುಕಕ್ಕೂ ಹಾಗೇ ಹಾಡುತ್ತದೆ ಎಂದರ್ಥ. ಇದನ್ನು ಅಡಗಿಸುವ ಉಪಾಯ ನಮ್ಮ ಕಛೇರಿಗಳ ವೇದಿಕೆಯ ಮೇಲೆ ದಿನವೂ ನಡೆಯುತ್ತಿದೆ. ಮೃದಂಗದ ವಿದ್ವಾಂಸರು ಕೂತ ಕೂಡಲೆ ಏನು ಮಾಡುತ್ತಾರೆ? ರವೆಯನ್ನು ನೀರಿನಲ್ಲಿ ಕಲಸಿ ಎಡಬದಿಯ ಮುಚ್ಚಿಗೆಯ ನಡುವೆ ಮೆತ್ತುತ್ತಾರೆ. ಚರ್ಮ ಭಾರವಾಗಿ ದನಿ ಇಳಿಯುತ್ತದೆ, ಗುಮುಕು ಬರುತ್ತದೆ. ಬಲಬದಿಯ ಕರಣೆಯದು ಇನ್ನೂ ದೊಡ್ಡ ಕಥೆ. ಬರೀ ಚರ್ಮಕ್ಕೆ ಇಲ್ಲದ ನಾದದ ಹೊಂದಾಣಿಕೆ ಆ ಕಪ್ಪು ಬಿಲ್ಲೆಯ ಭಾರದಿಂದ ಬರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ನೊಬೆಲ್ ತಂದ ಬೆಳಕಿನ ಕೆಲಸದಷ್ಟೇ ಆಸ್ಥೆಯಿಂದ ಅವರು ಮೃದಂಗ, ತಬಲಾಗಳ ಮುಂದೆ ಕೂತಿದ್ದರು ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಕಂಪಿಸುವ ಮೈಗೆ ಎಲ್ಲಿ, ಎಷ್ಟು ಭಾರ ಮೆತ್ತಬೇಕು ಎಂದು ತಿಳಿದರೆ ಅದರ ದನಿ ನಮ್ಮ ಕೈಗೆ ಬರುತ್ತದೆ. ಮೃದಂಗದವರಿಗೆ ನಾದ ಹೊಂದಿಸಬೇಕು, ನಮಗೆ ಅಡಗಿಸಬೇಕು, ಅಷ್ಟೇ ವ್ಯತ್ಯಾಸ.

ಗಾಡಿಗೆ ಮೆತ್ತುವುದು ರವೆಯನ್ನಲ್ಲ, ಬ್ಯುಟೈಲ್ ರಬ್ಬರಿನ ಶೀಟನ್ನು. ದಪ್ಪ ಎರಡು ಮಿಲಿಮೀಟರ್ ಆಸುಪಾಸು, ಒಂದು ಬದಿ ಅಂಟು, ಇನ್ನೊಂದು ಬದಿ ಅಲ್ಯುಮಿನಿಯಂ ಹಾಳೆ. ಆ ಹಾಳೆ ಇರುವುದು ಚಂದಕ್ಕಲ್ಲ. ತಗಡು ಬಾಗಲು ಹೊರಟಾಗ ಮೇಲಿನ ಹಾಳೆ ಒಪ್ಪುವುದಿಲ್ಲ, ಇಬ್ಬರ ನಡುವೆ ಸಿಕ್ಕ ರಬ್ಬರು ಜಗ್ಗಾಡಿ ನಡುಕವನ್ನೆಲ್ಲ ಶಾಖವಾಗಿ ಕರಗಿಸಿಬಿಡುತ್ತದೆ. ಈ ಜಗ್ಗಾಟದ ಲೆಕ್ಕವನ್ನು 1959ರಲ್ಲಿ ಅಮೆರಿಕದ ಕರ್ವಿನ್ ಎಂಬ ವಿಜ್ಞಾನಿ ಬರೆದಿಟ್ಟ. ಇಲ್ಲಿ ಒಂದು ಸಿಹಿಸುದ್ದಿ: ತಗಡಿನ ಮೈಯೆಲ್ಲ ಮುಚ್ಚಬೇಕಾಗಿಲ್ಲ. ನಡುಭಾಗದ ಕಾಲುಪಾಲು ಮುಚ್ಚಿದರೆ ಟಣ್ ಎನ್ನುವುದು ಟಪ್ ಎಂದಾಗುತ್ತದೆ. ಮಿಕ್ಕದ್ದನ್ನು ಮುಚ್ಚಿದರೆ ಭಾರವೂ ಖರ್ಚೂ ಹೆಚ್ಚುತ್ತವೆ, ಲಾಭ ಅಷ್ಟಾಗಿ ಹೆಚ್ಚುವುದಿಲ್ಲ. ಅಗ್ಗಕ್ಕೆ ಸಿಗುವ ಟಾರಿನ ಶೀಟುಗಳ ಸಹವಾಸ ಮಾತ್ರ ಬೇಡ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯೊಳಗೆ ಅವು ಮೆತ್ತಗಾಗಿ, ಜಾರಿ, ವಾಸನೆ ಹಿಡಿಸುತ್ತವೆ.

ಬೆಂಗಳೂರಿನವರಿಗೆ ಇದೆಲ್ಲ ಸಿಗುವ ಜಾಗ ಜೆ.ಸಿ. ರೋಡು. ಭಾವನ ಹಳೆಯ ಇನ್ನೋವಾಕ್ಕೆ ಶೀಟು ತರಲು ನಾವು ಅಲ್ಲಿಗೇ ಹೋದದ್ದು. ಸೀಟ್ ಕವರು, ಹಾರ್ನು, ಮ್ಯಾಟುಗಳ ಆ ಅಂಗಡಿಸಾಲಿನಲ್ಲಿ ನಡೆಯುವುದೇ ಒಂದು ಹಬ್ಬ. ಬೇಕಾದ್ದು ಕೊಂಡು, ಅಲ್ಲೇ ಹತ್ತಿರ ದೋಸೆ ತಿಂದು ಬಂದೆವು. ಕೆಲಸಕ್ಕೆ ಮಕ್ಕಳನ್ನೂ ಕೂಡಿಸಿಕೊಂಡದ್ದು ಒಳ್ಳೆಯದೇ ಆಯಿತು. ಕೊನೆಯ ಸಾಲಿನ ಸೀಟಿನ ಬೋಲ್ಟು ಬಿಚ್ಚಿ, ನೆಲದ ಕಾರ್ಪೆಟ್ ಎತ್ತಿದಾಗ ಏನೇನು ಸಿಕ್ಕಿತು ಗೊತ್ತೇ? ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ, ಕಡಲೆಕಾಯಿ ಸಿಪ್ಪೆ, ಗೋಲಿ, ಚಿಲ್ಲರೆ ಕಾಸು, ಅಕ್ಕ ಎಂದೋ ಕಳೆದುಹೋಯಿತೆಂದು ಕೈಬಿಟ್ಟಿದ್ದ ಓಲೆಯ ತಿರುಪು. ಒಂದೊಂದು ವಸ್ತುವಿಗೂ ಒಂದೊಂದು ಪ್ರಯಾಣದ ಕಥೆ ಹೊರಟು ಕೆಲಸ ಅಲ್ಲೇ ನಿಂತಿತು. "ಈ ಗೋಲಿ ಹೊರನಾಡಿಗೆ ಹೋದಾಗಿನದು ಕಣೋ" ಎಂದು ಅಕ್ಕ, "ಅಲ್ಲ, ಅದು ಗೋಕರ್ಣದ ಬೀದಿಯಲ್ಲಿ ಕೊಂಡದ್ದು" ಎಂದು ಭಾವ. ನಿಲ್ಲಲಿ ಬಿಡಿ, ಇಂಥ ಕೆಲಸವನ್ನು ಗ್ಯಾರೇಜಿಗೆ ಕೊಡದೆ ಮನೆಯಲ್ಲಿ ಮಾಡುವುದು ಇದಕ್ಕೂ ಅಲ್ಲವೇ?

ಅಂಟಿಸುವ ಮುಂಚೆ ತಗಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಧೂಳು, ಎಣ್ಣೆ ಚೂರಿದ್ದರೂ ಅಂಟು ಹಿಡಿಯದು. ಶೀಟು ಇಟ್ಟ ಮೇಲೆ ಪುಟ್ಟ ರೋಲರಿನಿಂದ ಬಲವಾಗಿ ಒತ್ತಬೇಕು, ಅಡಿಯಲ್ಲಿ ಗಾಳಿಗುಳ್ಳೆ ಉಳಿಯಬಾರದು. ಹಾಳೆಯ ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳಿಗೆ ಕೊಡಲೇಬೇಡಿ, ಅವರಿಗೆ ರೋಲರ್ ಕೊಡಿ. ಶುರು ಮಾಡುವುದು ಹಿಂದಿನ ಚಕ್ರದ ಕಮಾನುಗಳಿಂದ. ಕೆಲಸಕ್ಕೆ ತಕ್ಕ ಫಲ ಹೆಚ್ಚು ಸಿಗುವುದು ಅಲ್ಲೇ. ಆಮೇಲೆ ಕೊನೆಯ ಸಾಲಿನ ನೆಲ, ಹಿಂಬಾಗಿಲು, ಆಮೇಲೆ ಪಕ್ಕದ ಬಾಗಿಲುಗಳು. ಬಾಗಿಲಿನ ಅಡಿಯಲ್ಲಿ ಮಳೆನೀರು ಇಳಿದುಹೋಗುವ ತೂತುಗಳಿವೆ. ಅವನ್ನು ಮುಚ್ಚಿದರೆ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಗಾಜು ಇಳಿಯುವ ದಾರಿಗೆ ಶೀಟು ಅಡ್ಡ ಬರಬಾರದು. ಡೋರ್ ಪ್ಯಾಡಿನ ಹಿಂದಿನ ಪಾಲಿಥೀನ್ ಹಾಳೆಯನ್ನು ಮರಳಿ ಅಂಟಿಸಬೇಕು. ಏರ್‌ಬ್ಯಾಗಿನ ವೈರು, ಸೀಟ್‌ಬೆಲ್ಟಿನ ಭಾಗಗಳ ತಂಟೆಗೆ ಹೋಗಲೇಬಾರದು, ಅವು ಪ್ರಾಣದ ಪ್ರಶ್ನೆ.

ಮೇಲ್ಛಾವಣಿಯ ಮಾತೇ ಬೇರೆ. ಒಳಗಿನ ಬಟ್ಟೆಯ ಹಾಸನ್ನು ಇಳಿಸುವುದು ಕೈಪಳಗಿದವರ ಕೆಲಸ. ಆದರೆ ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸುವವರು ಅದನ್ನು ಮಾಡಿಸಿದರೆ ಪುಣ್ಯ ಕಟ್ಟಿಕೊಂಡಂತೆ. ಆಗುಂಬೆ ಕಡೆಯ ಆಷಾಢದ ಮಳೆ ತೆಳು ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳದು. ಹಳೆಯ ಹೆಂಚಿನ ಮನೆಯೊಳಗೆ ಅದೇ ಮಳೆ ಎಷ್ಟು ಸೌಮ್ಯ! ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರಲ್ಲ, ಆ ಕೆಂಪು ಹೆಂಚಿನ ತೂಕವೇ ಸದ್ದನ್ನು ತಡೆಯುವುದು. ಜಿಂಕ್ ಶೀಟಿನ ಕೆಳಗೆ ಮಲಗಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ತಡೆಗೋಡೆಯ ತೂಕ ಎರಡರಷ್ಟಾದರೆ ಲೆಕ್ಕದ ಪ್ರಕಾರ ಆರು ಡೆಸಿಬೆಲ್ ಹೆಚ್ಚು ತಡೆಯುತ್ತದೆ.

ಈ ತೂಕದ ನಿಯಮವೇ ಮುಂದಿನ ಹಂತಕ್ಕೆ ದಾರಿ. ಬ್ಯುಟೈಲ್ ಶೀಟು ತಗಡಿನ ಹಾಡನ್ನು ನಿಲ್ಲಿಸುತ್ತದೆ, ಗಾಳಿಯಲ್ಲಿ ತೇಲಿ ಬರುವ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ನೆಲದ ಮೇಲೆ ಮೊದಲು ನೀರು ಹೀರದ ಮುಚ್ಚುಕೋಶದ ಫೋಮ್, ಅದರ ಮೇಲೆ ಚದರ ಮೀಟರಿಗೆ ಐದು ಕೆ.ಜಿ.ಯಷ್ಟು ಭಾರದ ವಿನೈಲ್ ಹಾಸು, ಅದರ ಮೇಲೆ ಕಾರ್ಪೆಟ್. ಭಾರದ ಹಾಸು ತಗಡಿಗೆ ನೇರ ತಾಗದೆ ಫೋಮಿನ ಮೇಲೆ ತೇಲಬೇಕು, ಅದೇ ಅದರ ಗುಟ್ಟು. ಡೋರ್ ಪ್ಯಾಡಿನ ಹಿಂದೆ ನೀರು ಹಿಡಿಯದ ನಾರಿನ ಹಾಸು ಇಟ್ಟರೆ ಉಳಿದ ಸದ್ದನ್ನು ಹೀರಿಕೊಳ್ಳುತ್ತದೆ. ನಡುಕ ಅಡಗಿಸುವುದು, ತಡೆಯುವುದು, ಹೀರುವುದು: ಮೂರು ಬೇರೆ ಬೇರೆ ಕೆಲಸ, ಮೂರಕ್ಕೂ ಬೇರೆ ಬೇರೆ ವಸ್ತು. ಒಂದರಿಂದಲೇ ಎಲ್ಲ ಆಗುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಇಷ್ಟೆಲ್ಲ ಮಾಡಿ ಎಷ್ಟು ತಗ್ಗಿತು? ಅಳೆಯಬೇಕೆಂದರೆ ಅದೇ ಫೋನು, ಅದೇ ರಸ್ತೆ, ಅದೇ ವೇಗ, ಎ.ಸಿ. ಬ್ಲೋಯರ್ ನಿಲ್ಲಿಸಿ, ಪಕ್ಕದಲ್ಲಿ ಕೂತವರು ಅಳೆಯಬೇಕು. ಅಂಕಿ ಎರಡು ಮೂರು ಡೆಸಿಬೆಲ್ ಇಳಿದರೆ ಮುಖ ಸಣ್ಣ ಮಾಡಬೇಡಿ. ಮೂರು ಡೆಸಿಬೆಲ್ ಎಂದರೆ ಸದ್ದಿನ ಶಕ್ತಿ ಅರ್ಧಕ್ಕರ್ಧ ಇಳಿದಂತೆ. ಕಿವಿಗೆ ಅರ್ಧವಾಯಿತು ಎನಿಸಲು ಹತ್ತು ಇಳಿಯಬೇಕು, ಅಷ್ಟನ್ನು ಮನೆಯ ಕೆಲಸದಿಂದ ನಿರೀಕ್ಷಿಸಬಾರದು. ಆದರೆ ಮಾತಿಗೆ ಆ ಎರಡು ಮೂರೇ ದೊಡ್ಡದು. ವ್ಯಂಜನಗಳು ತಲೆಯೆತ್ತಿ ನಿಲ್ಲುತ್ತವೆ. ಭಾವನ ಗಾಡಿಯಲ್ಲಿ ಈಗ ಅಕ್ಕನ ಅತ್ತೆ ಹಾಸನದಿಂದ ಸಕಲೇಶಪುರದವರೆಗೂ ತಮ್ಮ ತವರಿನ ಕಾಫಿ ತೋಟದ ಕಥೆ ಹೇಳುತ್ತಾರೆ, ಮುಂದಿನವರು ಪ್ರಶ್ನೆ ಕೇಳುತ್ತಾರೆ, ಹಿಂದಿನ ಮಕ್ಕಳು ತಗಾದೆ ತೆಗೆಯುತ್ತಾರೆ. ಆ ಕಥೆಗಳಲ್ಲಿ ಎಷ್ಟೋ ನನಗೂ ಹೊಸವು. ಇದಕ್ಕಿಂತ ದೊಡ್ಡ ಫಲ ಯಾವ ಮೀಟರಿನಲ್ಲಿ ಬರುತ್ತದೆ ಹೇಳಿ?

ಆ ಕಾಫಿ ತೋಟದ ಕಥೆ ಇನ್ನೊಮ್ಮೆ ಹೇಳುತ್ತೇನೆ, ಅದಕ್ಕೇ ಬೇರೆ ಸಂಜೆ ಬೇಕು. ಸದ್ಯಕ್ಕೆ ಒಂದು ಉಪಯೋಗದ ಮಾತು. ಕೆಲಸ ಮುಗಿದ ಮೇಲೆ ಶೀಟಿನ ತುಂಡುಗಳು ಉಳಿಯುತ್ತವೆ, ಎಸೆಯಬೇಡಿ. ಅಡುಗೆಮನೆಯ ಸ್ಟೀಲ್ ಸಿಂಕಿನ ತಳಕ್ಕೆ ಎರಡು ತುಂಡು ಅಂಟಿಸಿದರೆ ಪಾತ್ರೆ ಬಿದ್ದಾಗಿನ ಠಣಠಣ ಅರ್ಧ ತಗ್ಗುತ್ತದೆ. ಒಳ್ಳೆಯ ಸಿಂಕುಗಳಿಗೆ ತಯಾರಕರೇ ಕೆಳಗೆ ಇಂಥ ರಬ್ಬರ್ ಬಿಲ್ಲೆ ಹಚ್ಚಿ ಕಳಿಸುತ್ತಾರೆ, ಬಗ್ಗಿ ನೋಡಿ. ವಾಷಿಂಗ್ ಮೆಷಿನ್ನಿನ ಪಕ್ಕದ ತಗಡು ನಡುಗುತ್ತಿದ್ದರೆ ಅದಕ್ಕೂ ಒಂದು ತುಂಡು. ಬಚ್ಚಲುಮನೆಯ ತಗಡಿನ ಬಾಗಿಲಿಗೆ ಇನ್ನೊಂದು. ತಟ್ಟುತ್ತ ಹೊರಟರೆ ಮನೆಯಲ್ಲಿ ಟಣ್ ಎನ್ನುವ ವಸ್ತುಗಳು ಎಷ್ಟಿವೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ನಮ್ಮ ಮನೆಯ ಮಕ್ಕಳಂತೂ ರೋಲರ್ ಹಿಡಿದು ಈಗ ಬೀರುವಿನ ಹತ್ತಿರ ಬಂದಿದ್ದಾರೆ.